ಇಳಿತದ ಹೊತ್ತಿನ ಮಾತು

೧೧ ಜನವರಿ ೧೯೬೫, ಸೋಮವಾರ
ಕುಮಟಾ

ಹಾಜರಿ ಕರೆಯುವಾಗ ದೇವಿಯ ಹೆಸರಿಗೆ ಇಂದೂ ಉತ್ತರವಿಲ್ಲ. ಆರನೆಯ ದಿನ. ಹತ್ತನೆಯ ಇಯತ್ತೆಯಲ್ಲಿ ನನ್ನ ಮಗಳು ಶ್ರೀಮತಿಯ ಪಕ್ಕದಲ್ಲೇ ಅವಳ ಜಾಗ. ಶ್ರೀಮತಿ ಆ ಜಾಗದಲ್ಲಿ ತನ್ನ ಪುಸ್ತಕಗಳನ್ನು ಇಟ್ಟುಕೊಂಡಿದ್ದಾಳೆ, ಬೇರೆ ಯಾರೂ ಕೂರದ ಹಾಗೆ.

"ಅವಳಿಗೆ ಮದುವೆಯಂತೆ ಅಕ್ಕೋರೆ" ಎಂದು ಹಿಂದಿನ ಬೆಂಚಿನವರು ಹೇಳಿದರು. ಹದಿನಾರು ವರ್ಷ.

ಕಳೆದ ತಿಂಗಳು ಪದ್ಯಪಾಠದಲ್ಲಿ ಹುಣ್ಣಿಮೆಯ ಚಂದ್ರನನ್ನು ಕಂಡು ಹೊಳೆ ಹಿಗ್ಗಿ ಕುಣಿಯಿತು ಎಂಬ ಸಾಲು ಬಂದಿತ್ತು. ನಾನು ಕಣ್ಣು ಮುಚ್ಚಿಕೊಂಡು ವಿವರಿಸುತ್ತಿದ್ದೆ. ದೇವಿ ಎದ್ದು ನಿಂತು "ಹೊಳೆ ಕುಣಿಯುದಿಲ್ಲ ಅಕ್ಕೋರೆ, ಭರತ ಬರ್ತದೆ. ಆರು ತಾಸಿಗೆ ಇಳಿತದೆ" ಅಂದಳು. ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಕಲಿಸಿದ ಸಾಲನ್ನು ನಾನು ಒಮ್ಮೆಯೂ ಹೊಳೆಯ ಹತ್ತಿರ ಒಯ್ದು ನೋಡಿರಲಿಲ್ಲ.

ಶನಿವಾರ ಅವಳ ಊರು ಮಿರ್ಜಾನಕ್ಕೆ ಹೋಗಿ ಬರುವುದು.

೧೬ ಜನವರಿ, ಶನಿವಾರ

ಹೋಗಿ ಬಂದೆ.

ದೇವಿಯ ಅಪ್ಪ ದೇವಪ್ಪನದು ದೋಣಿ ಕೆಲಸ. ತಾಯಿ ತಿಮ್ಮಿ ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುತ್ತಾಳೆ. ಜಗಲಿಯಲ್ಲಿ ದೊಡ್ಡ ಮಗಳು ನಾಗು ಕೂತಿದ್ದಳು. ಇಪ್ಪತ್ತೆರಡು ಇರಬಹುದು, ನನಗೆ ಮೊದಲು ದೇವಿಯ ಚಿಕ್ಕಮ್ಮ ಅನ್ನಿಸಿತು. ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿರುವವನಿಗೆ ಕೊಟ್ಟಿದ್ದರು. ಎರಡು ಮಕ್ಕಳು ಹೊಟ್ಟೆಯಲ್ಲೇ ಸತ್ತವು. ಮೂರನೆಯದು ಎಂಟು ದಿನ ಇತ್ತು. ಊರಿಗೆಲ್ಲ "ಗಾಳಿ ಸೋಂಕು" ಎಂದು ಹೇಳಿದ್ದಾರೆ. ಕುಮಟೆಯ ಲೇಡಿ ಡಾಕ್ಟರು ಮಾತ್ರ ತಿಮ್ಮಿಯನ್ನು ಒಳಗೆ ಕರೆದು ನಿಜ ಹೇಳಿದ್ದರಂತೆ: ಗಂಡನಿಂದ ಬಂದ ಆ ಕಾಯಿಲೆ. ನಾಗು ಸೂಜಿಮದ್ದು ಮುಗಿಸಿ ಗುಣವಾಗಿದ್ದಾಳೆ. ಗಂಡನ ಮನೆಗೆ ಹೋಗುವುದಿಲ್ಲ ಎಂದಿದ್ದಾಳೆ.

ಈಗ ದೇವಿಗೆ ಗೊತ್ತು ಮಾಡಿರುವ ಹುಡುಗ ಮಹಾಬಲ. ನಾಗುವಿನ ಗಂಡನ ಜೊತೆಯವನು. ಅದೇ ಹೋಟೆಲು, ಅದೇ ಕೋಣೆ. ವೈಶಾಖದಲ್ಲಿ ಮದುವೆ.

"ದೇವಿಗೆ ಹೇಳಿದ್ದೀಯಾ, ಅಕ್ಕನಿಗೆ ಏನಾಯಿತು ಅಂತ?" ಎಂದು ಕೇಳಿದೆ.

"ಎಂತ ಹೇಳುದು ಅಕ್ಕೋರೆ? ನಮ್ಮಮ್ಮ ನಂಗೆ ಹೇಳ್ಲಿಲ್ಲ, ನಾ ನಾಗುಗೆ ಹೇಳ್ಲಿಲ್ಲ. ಹೆತ್ತ ಮಗಳ ಮೊಕ ನೋಡ್ಕಂಡು ಅದ್ನೆಲ್ಲ ಹೇಳುಕಾತದಾ?"

"ಹುಡುಗನಿಗೆ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಬಹುದಲ್ಲ?"

ತಿಮ್ಮಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಕೇಳಿದ್ರೆ ಮದುವೆ ಮುರೀತದೆ. ಮುರದ್ರೆ ಯಾಕೆ ಮುರೀತು ಅಂತ ಕೇಳ್ತ್ರು. ಎಂತ ಹೇಳುದು?"

ನಾಗು ಕೂತಲ್ಲಿಂದಲೇ, "ನನ್ನ ತೋರ್ಸು" ಅಂದಳು.

೧೯ ಜನವರಿ, ಮಂಗಳವಾರ

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಶಾಂತಾರಾಮರಾಯರು. ಅವರನ್ನು ಕಂಡು, ಹೆಣ್ಣುಮಕ್ಕಳ ತಾಯಂದಿರ ಒಂದು ಸಭೆ ನಡೆಸಲು ಶಾಲೆಯ ಕೋಣೆ ಕೊಡಿ ಎಂದೆ. ವಿಷಯ ಕೇಳಿದರು. ಬೆಳೆಯುವ ಮಕ್ಕಳ ಆರೋಗ್ಯ ಎಂದೆ. ಯಾವ ಆರೋಗ್ಯ ಎಂದರು. ಹೇಳಿದೆ, ಆದಷ್ಟು ಸುತ್ತಿ ಬಳಸಿ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ನೀವು ಎಂ.ಎ. ಆದವರು. ನಮ್ಮ ಹೆಣ್ಣುಮಕ್ಕಳು ಕುಲೀನ ಮನೆಯವರು. ಅವರಿಗೆ ಇಂಥದರ ಅಗತ್ಯವಿಲ್ಲ. ಹೇಳಿದರೆ ಇಲ್ಲದ್ದು ಹುಟ್ಟುತ್ತದೆ."

ನಾಗುವಿಗೆ ಯಾರೂ ಏನೂ ಹೇಳಿರಲಿಲ್ಲ ರಾಯರೆ. ಅವಳಿಗೆ ಹುಟ್ಟಿದ್ದೇನು ಎಂದು ಕೇಳಬೇಕಿತ್ತು. ಮನೆಗೆ ಬಂದಮೇಲೆ ಹೊಳೆಯಿತು. ಯಾವಾಗಲೂ ಹೀಗೆ.

ಸಮಾಧಾನಕ್ಕೆ ಹಳೆಯ ಕಾವ್ಯವೊಂದನ್ನು ತೆಗೆದು ಕೂತೆ. ಇಡೀ ಸರ್ಗ ನಾಯಿಕೆಯ ಅಂಗಾಂಗ ವರ್ಣನೆ. ಕಾವ್ಯದಲ್ಲಿ ದೇಹಕ್ಕೆ ನೂರು ಹೆಸರು, ಎಲ್ಲವನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ್ದೇನೆ, ಅದಕ್ಕೆ ಯಾವ ಮಂಡಳಿಯೂ ಬೇಡವೆಂದಿಲ್ಲ. ಅದೇ ದೇಹಕ್ಕೆ ಕಾಯಿಲೆ ಬಂದರೆ ಒಂದು ಹೆಸರೂ ಬಾಯಿಗೆ ಬರಕೂಡದು.

ಪುಸ್ತಕ ಮುಚ್ಚಿಟ್ಟೆ.

೩೧ ಜನವರಿ, ಭಾನುವಾರ

ಕೋಣೆ ಕೊಡದಿದ್ದರೆ ಬೇಡ. ಹೊಳೆಗೆ ಅಧ್ಯಕ್ಷರಿಲ್ಲ.

ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಇಳಿತ ಜೋರು. ಅಘನಾಶಿನಿಯ ನೀರು ಸರಿದು ಅರ್ಧ ಹೊಳೆ ಕೆಸರಾಗಿ ತೆರೆದುಕೊಳ್ಳುತ್ತದೆ. ಆಗ ಮಿರ್ಜಾನದ ಸುತ್ತಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಳಚು ಹೆಕ್ಕಲು ಇಳಿಯುತ್ತಾರೆ. ಎರಡು ಮೂರು ತಾಸು ಅಲ್ಲಿ ಗಂಡಸರ ಸುಳಿವಿಲ್ಲ. ತಿಮ್ಮಿ ತಮಾಷೆಗೆ "ನಮ್ಮ ಸಭೆ ಅಲ್ಲೇ ಅಕ್ಕೋರೆ, ಬನ್ನಿ" ಅಂದಿದ್ದಳು. ನಾನು ಹೋದೆ.

ಮೀನು ಮುಟ್ಟದ ಮನೆಯವಳು ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಕೆಸರಿಗೆ ಇಳಿದದ್ದೇ ಅವರಿಗೆ ಯಕ್ಷಗಾನದಷ್ಟು ಖುಷಿ. ಹದಿನೈದು ಮಂದಿ ಇದ್ದರು. ನಾನು ಒಂದು ಕಡೆ ಗಟ್ಟಿಯಾಗಿ ನಿಂತು ಶುರುಮಾಡಿದೆ. "ತಾಯಂದಿರೆ, ತಾರುಣ್ಯವೆಂಬುದು..." ಗುಹ್ಯರೋಗ ಎಂದೆ, ಸಂಯಮ ಎಂದೆ, ದಾಂಪತ್ಯಪೂರ್ವ ಎಂದೆ. ಎಲ್ಲರೂ ಬಗ್ಗಿ ಹೆಕ್ಕುತ್ತಲೇ ಇದ್ದರು. ಗಣಪಿ ಎಂಬ ಮುದುಕಿ ಮಾತ್ರ ತಲೆಯೆತ್ತಿದಳು.

"ಅಕ್ಕೋರೆ, ನಿಂತಲ್ಲೇ ನಿಂತ್ರೆ ಹೂತು ಹೋಗ್ತ್ರಿ. ಕಾಲು ಆಡಿಸ್ತಾ ಇರಿ."

ಹೌದು, ಹೂತಿದ್ದೆ. ಇಬ್ಬರು ಹಿಡಿದು ಎಳೆದರು. ಒಂದು ಚಪ್ಪಲಿ ಅಘನಾಶಿನಿಗೆ ಸೇರಿತು.

ಆಮೇಲೆ ಸುಮ್ಮನೆ ಅವರ ಜೊತೆ ಹೆಕ್ಕಿದೆ. ಅಂಗಾಲಿನಿಂದ ತಡವಬೇಕು. ಚಿಪ್ಪು ಸಿಕ್ಕಿತೆಂದರೆ ಕೈ ಹಾಕಬೇಕು. ಕಣ್ಣು ಕೆಳಗೇ ಇರಬೇಕು. ಸ್ವಲ್ಪ ಹೊತ್ತಿನಲ್ಲಿ ನನ್ನ ಎಡಗಡೆಯಿಂದ ಒಂದು ದನಿ, ಯಾರದೆಂದು ನೋಡಲಿಲ್ಲ, "ಅಕ್ಕೋರೆ, ಹುಣ್ಣು ತನ್ನಷ್ಟಕ್ಕೇ ಮಾಯ್ದ್ರೆ ಕಾಯಿಲೆ ಹೋದಂಗೇ ಅಲ್ದಾ?" ಎಂದು ಕೇಳಿತು.

ಇಲ್ಲ, ಎಂದೆ. ಹುಣ್ಣು ಮಾಯುತ್ತದೆ, ಕಾಯಿಲೆ ರಕ್ತದಲ್ಲಿ ಕೂತಿರುತ್ತದೆ. ಹೆಂಡತಿಗೆ ಹೋಗುತ್ತದೆ, ಹೊಟ್ಟೆಯ ಮಗುವಿಗೆ ಹೋಗುತ್ತದೆ. ರಕ್ತ ನೋಡಿದರೆ ಗೊತ್ತಾಗುತ್ತದೆ. ಸೂಜಿಮದ್ದಿದೆ.

ನಾನೂ ತಲೆಯೆತ್ತದೆ ಕೆಸರಿಗೇ ಹೇಳಿದೆ. ಒಂದು ಸಂಸ್ಕೃತ ಶಬ್ದವೂ ಬರಲಿಲ್ಲ. ಅಲ್ಲಿಂದ ಭರತ ಏರುವವರೆಗೆ ಪ್ರಶ್ನೆಗಳು ನಿಲ್ಲಲಿಲ್ಲ. ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಮನೆಯಲ್ಲಿ ಯಜಮಾನರು ನನ್ನ ಸೀರೆಯ ಅಂಚನ್ನೂ ಬರಿಗಾಲನ್ನೂ ನೋಡಿ, "ಎಂ.ಎ. ಮಾಡಿದ್ದು ಬಳಚು ಹೆಕ್ಕಲೆ ಹೇಳಿ ನಂಗೆ ಗೊತ್ತಿತ್ತಿಲ್ಲೆ" ಎಂದರು. ಬಿಸಿನೀರು ಕಾಸಿಟ್ಟಿದ್ದರು.

೪ ಫೆಬ್ರವರಿ, ಗುರುವಾರ

ರಾಯರಿಗೆ ಸುದ್ದಿ ಹೋಗಿದೆ. ಮುಖ್ಯಾಧ್ಯಾಪಕರು ಕರೆದು, "ಬೇಡವಂತೆ ಅಕ್ಕೋರೆ, ಬಾಯಿಮಾತಲ್ಲೇ ಹೇಳುತ್ತಿದ್ದೇನೆ, ನಿಲ್ಲಿಸಿ, ನೋಟೀಸಿನವರೆಗೆ ತರಬೇಡಿ" ಎಂದರು. ಒಳ್ಳೆಯ ಮನುಷ್ಯ. ಭಾನುವಾರ ನಾನು ಎಲ್ಲಿ ಕಾಲು ತೊಳೆಯಬೇಕು ಎಂಬುದು ಸೇವಾ ನಿಯಮದಲ್ಲಿದೆಯೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. ನಕ್ಕರೆಂದು ಕಾಣುತ್ತದೆ.

೧೪ ಫೆಬ್ರವರಿ, ಭಾನುವಾರ

ಇಂದು ಇಪ್ಪತ್ತೆರಡು ಮಂದಿ. ಇಬ್ಬರು ಬೆಳಕೆ ಊರಿನಿಂದ ನೆಂಟರ ಮನೆಗೆ ಬಂದವರು.

ವಿಷಯ ಎಲ್ಲರಿಗೂ ತಿಳಿಯಿತು. ಮಕ್ಕಳಿಗೆ ಹೇಳುವುದು ಹೇಗೆಂಬುದೇ ತೊಡಕು. ಗಣಪಿ ಒಂದು ಉಪಾಯ ತೆಗೆದಳು. "ನಾ ಮಗಳಾಗ್ತೆ. ತಿಮ್ಮಿ, ನೀ ಹೇಳು." ಎಪ್ಪತ್ತರ ಮುದುಕಿ ಸೆರಗಿನ ತುದಿ ಕಚ್ಚಿ, ಕಣ್ಣು ಪಿಳಿಪಿಳಿ ಮಾಡಿ ನಿಂತಳು.

ತಿಮ್ಮಿ ಶುರುಮಾಡಿದಳು. "ನೋಡು, ಏನಾರೂ ಮಾಡ್ಕಂಡು ಬಂದ್ರೆ ಕಾಲು ಮುರೀತೆ!"

"ಏನಾರೂ ಅಂದ್ರೆ ಎಂತ ಅಮ್ಮಾ?" ಅಂದಳು ಗಣಪಿ.

"ಅದೇ... ಏನಾರೂ!"

"ಬಳಚು ಹೆಕ್ಕಂಡು ಬರುದಾ?"

ನಗು ಹೊಳೆಯ ಆಚೆಗೂ ಕೇಳಿರಬೇಕು. ಒಬ್ಬೊಬ್ಬಳೂ ಪ್ರಯತ್ನಿಸಿದಳು. ಒಬ್ಬಳು ಬೈದಳು, ಒಬ್ಬಳು ಅತ್ತಳು, ಒಬ್ಬಳು ದೇವರ ಮೇಲೆ ಹಾಕಿದಳು. ಗಣಪಿ ಎಲ್ಲರಿಗೂ "ಅಂದ್ರೆ ಎಂತ?" ಎಂದೇ ಕೇಳಿದಳು. ಅವಳಿಗಿಂತ ಒಳ್ಳೆಯ ಪರೀಕ್ಷಕಿ ನಮ್ಮ ಬೋರ್ಡಿನಲ್ಲೂ ಇಲ್ಲ.

ಕೊನೆಗೆ ನಾನು ಹೇಳಿದೆ: ಹೆದರಿಕೆಯಿಂದ ಶುರುಮಾಡಬೇಡಿ. ಅವಳಿಗೆ ಏನು ಗೊತ್ತಿದೆಯೆಂದು ಮೊದಲು ಕೇಳಿ. ನಿಮಗೆ ಆ ವಯಸ್ಸಿನಲ್ಲಿ ಏನು ಗೊತ್ತಿರಲಿಲ್ಲವೋ ಅದನ್ನು ಹೇಳಿ. ಹೆಸರಿರುವುದಕ್ಕೆ ಹೆಸರು ಹೇಳಿ. ಒಂದೇ ದಿನ ಎಲ್ಲ ಮುಗಿಸಬೇಡಿ.

ತಿಮ್ಮಿ ಬುಟ್ಟಿ ಕುಲುಕಿ ಕೆಸರು ತೊಳೆಯುತ್ತ, "ಅಕ್ಕೋರು ಮಗಳಿಗೆ ಹೆಂಗೆ ಹೇಳದ್ರಿ?" ಎಂದು ಕೇಳಿದಳು.

ಬಸ್ಸಿಗೆ ಹೊತ್ತಾಯಿತು ಎಂದೆ.

೧೭ ಫೆಬ್ರವರಿ, ಬುಧವಾರ

ಉತ್ತರಪತ್ರಿಕೆಗಳ ರಾಶಿ. ಶ್ರೀಮತಿಯ ಹತ್ತಿರ ಮಾತಾಡಲು ಪುರುಸೊತ್ತಾಗಲಿಲ್ಲ.

೨೦ ಫೆಬ್ರವರಿ, ಶನಿವಾರ

ಉತ್ತರಪತ್ರಿಕೆಗಳು ನಿನ್ನೆಯೇ ಮುಗಿದವು.

ಊಟಕ್ಕೆ ಕೂತಾಗ ಶ್ರೀಮತಿ ತಟ್ಟೆ ನೋಡಿಕೊಂಡೇ ಕೇಳಿದಳು. "ಆಯಿ, ಮಿರ್ಜಾನದಲ್ಲಿ ಎಲ್ಲರ ಆಯಂದಿರಿಗೂ ಪಾಠ ಹೇಳ್ತೆ ಅಂತ ಶಾಲೆಯೆಲ್ಲಾ ಹೇಳ್ತ. ನಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

"ನೀನಿನ್ನೂ ಕೂಸು" ಎಂದೆ.

"ದೇವಿ ನನ್ಕಿಂತ ನಾಕು ತಿಂಗ್ಳು ದೊಡ್ಡವಳು, ಅಷ್ಟೇಯ."

ಯಜಮಾನರು ಕೈ ತೊಳೆಯಲು ಎದ್ದು ಹೋದರು, ಮಜ್ಜಿಗೆಯನ್ನೂ ಮುಟ್ಟದೆ.

೨೮ ಫೆಬ್ರವರಿ, ಭಾನುವಾರ

ತಿಮ್ಮಿ ಇಂದು ದೇವಿಯನ್ನು ಜೊತೆಗೆ ತಂದಿದ್ದಳು. ಎಲ್ಲರಿಂದ ದೂರ, ಮರಳು ದಿಬ್ಬದ ಆಚೆಗೆ ಕರೆದುಕೊಂಡು ಹೋದಳು. ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಬಗ್ಗಿದ ಎರಡು ಬೆನ್ನು, ಒಂದು ಬುಟ್ಟಿ. ಬಹಳ ಹೊತ್ತು ಹಾಗೇ. ಒಮ್ಮೆ ದೇವಿ ನೆಟ್ಟಗೆ ನಿಂತು ತಾಯಿಯ ಮುಖ ನೋಡಿದಳು. ತಿಮ್ಮಿ ನೋಡಲಿಲ್ಲ, ಹೆಕ್ಕುತ್ತಲೇ ಇದ್ದಳು, ಹೇಳುತ್ತಲೂ ಇದ್ದಳೆಂದು ಕಾಣುತ್ತದೆ. ದೇವಿ ಮತ್ತೆ ಬಗ್ಗಿದಳು.

ವಾಪಸು ಬರುವಾಗ ತಿಮ್ಮಿಯ ಕಣ್ಣು ಕೆಂಪಾಗಿತ್ತು. "ಆತು ಅಕ್ಕೋರೆ, ಎಲ್ಲ ಹೇಳ್ದೆ. ನಾಗುದೂ ಹೇಳ್ದೆ. ಅವಳಿಗೆ ಅರ್ಧ ಗೊತ್ತಿತ್ತು. ಆ ಅರ್ಧವೂ ತಪ್ಪು." ದೇವಿ ನನ್ನನ್ನು ನೋಡಿ, "ಬೊಂಬಾಯಿ ನೀರು ಆಗಿಬರ್ಲಿಲ್ಲ, ಅದ್ಕೇ ಅಕ್ಕನ ಮಕ್ಕಳು ಹೋದ್ವು ಅಂದ್ಕಂಡಿದ್ದೆ" ಅಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಸಿಟ್ಟಿತ್ತು.

ಶ್ರೀಮತಿಯನ್ನೂ ಕರೆದುಕೊಂಡು ಹೋಗಿದ್ದೆ. ನಾವೂ ಈ ಕಡೆ ಒಂದಿಷ್ಟು ಹೆಕ್ಕಿದೆವು. ಅವಳು ಕೇಳಿದ್ದಕ್ಕೆಲ್ಲ ಹೇಳಿದೆ. ಹೆಕ್ಕಿದ್ದನ್ನು ಗಣಪಿಯ ಬುಟ್ಟಿಗೆ ಹಾಕಿ ಬಂದೆವು. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು, ಬಲಗೈ ಜೋಮು ಹಿಡಿದಿದೆ, ಅಕ್ಷರ ಓರೆಯಾಗುತ್ತಿದೆ.

೯ ಮಾರ್ಚ್, ಮಂಗಳವಾರ

ದೇವಿಯ ವೀಳ್ಯಶಾಸ್ತ್ರ. ಶಾಲೆಗೆ ರಜೆ ಬರೆದುಕೊಟ್ಟು ಹೋದೆ. ಕಾರಣದ ಜಾಗದಲ್ಲಿ "ವಿದ್ಯಾರ್ಥಿನಿಯ ಕೆಲಸ" ಎಂದು ಬರೆದೆ.

ಹುಡುಗನ ಕಡೆಯವರು ಹನ್ನೊಂದು ಮಂದಿ. ಮಹಾಬಲ ಇಪ್ಪತ್ತನಾಲ್ಕರ ಹುಡುಗ, ಬೊಂಬಾಯಿಯ ಕ್ರಾಪು, ಊರಿನ ನಾಚಿಕೆ. ಮಾತೆಲ್ಲ ಅವನ ಮಾವ ದಾಸನದು. ದೇವರಲ್ಲಿ ಪ್ರಸಾದ ಕೇಳಿಸಿದ್ದಾಗಿದೆ, ಬಲಕ್ಕೆ ಹೂ ಬಿದ್ದಿದೆ, ಇನ್ನೇನು ವೀಳ್ಯ ಬದಲಾಯಿಸೋಣ ಎಂದ. ದೇವಪ್ಪ ಹರಿವಾಣಕ್ಕೆ ಕೈ ಹಾಕಿದ. ತಿಮ್ಮಿ ಒಳಗಿನಿಂದ ಬಂದು ಹರಿವಾಣವನ್ನು ತನ್ನ ಕಡೆ ಎಳೆದುಕೊಂಡಳು.

"ದೇವರ ಪ್ರಸಾದ ಆತು. ಡಾಕ್ಟರ ಪ್ರಸಾದವೂ ಆಗ್ಲಿ. ಹುಡುಗನ ರಕ್ತ ಪರೀಕ್ಷೆ ಮಾಡ್ಸಿ ಕಾಗದ ತನ್ನಿ. ಮತ್ತೆ ವೀಳ್ಯ."

ವೀಳ್ಯಕ್ಕೆ ಚಾಚಿದ್ದ ಕೈಗಳು ಹಿಂದೆ ಸರಿದವು.

"ಎಂತ ಮಾತು ಇದು?" ದಾಸ ಎದ್ದು ನಿಂತ. "ಎತ್ತಿನ ಹಲ್ಲು ನೋಡ್ದಂಗೆ ನೋಡ್ತ್ರಾ ಹುಡುಗನ್ನ?"

"ಎತ್ತಿಗೇ ಹಲ್ಲು ನೋಡ್ತ್ರು ಭಾವ. ನಾ ಕೊಡುದು ಮಗಳನ್ನ."

"ಎಂತ ಕಾಯಿಲೆ ಅಂತ ಪರೀಕ್ಷೆ? ಬಾಯ್ಬಿಟ್ಟು ಹೇಳು ಕಾಂಬ!"

ಅವಳ ಬಾಯಿ ಕಟ್ಟಿಹೋಗಲಿ ಎಂದೇ ಅವನು ಹಾಗೆ ಕೇಳಿದ್ದು. ಎರಡು ತಿಂಗಳ ಹಿಂದೆ ಆಗಿದ್ದರೆ ಕಟ್ಟುತ್ತಿತ್ತು.

"ಗರ್ಮಿ" ಎಂದಳು ತಿಮ್ಮಿ. ಹನ್ನೊಂದು ಮಂದಿ ಗಂಡಸರ ಎದುರು, ಅಕ್ಕಿಯ ಹೆಸರು ಹೇಳಿದಂತೆ. "ನನ್ನ ದೊಡ್ಡ ಮಗಳಿಗೆ ಗಂಡನಿಂದ ಬಂತು. ಮೂರು ಮಕ್ಕಳು ಹೋದ್ವು. ಗಾಳಿಯೂ ಅಲ್ಲ, ಸೋಂಕೂ ಅಲ್ಲ. ನಾನೇ ಸುಳ್ಳು ಹೇಳಿದ್ದೆ. ಇನ್ನು ಹೇಳುದಿಲ್ಲ."

ನಾಗು ಬಾಗಿಲಿಗೆ ಬಂದು ತಾಯಿಯ ಪಕ್ಕದಲ್ಲಿ ನಿಂತಳು.

ದಾಸ ದೇವಪ್ಪನ ಕಡೆ ತಿರುಗಿದ. "ಮನೆಲಿ ಗಂಡಸು ಯಾರು ಹಂಗಾರೆ?" ದೇವಪ್ಪ ತನ್ನ ಅಂಗೈ ನೋಡಿಕೊಂಡ. "ಅವಳು ಹೇಳಿದ್ದೇ ನಾ ಹೇಳಿದ್ದು" ಎಂದ.

"ಹಂಗಾರೆ ನಿಮ್ಮ ಹುಡುಗಿದೂ ಮಾಡ್ಸಿ!"

ಒಳಗಿನಿಂದ ದೇವಿಯ ದನಿ ಬಂತು. "ಮಾಡ್ಸುವ. ನಂಗೆಂತ ಹೆದ್ರಿಕೆ? ಇಬ್ರಿಗೂ ಒಂದೇ ಬಸ್ಸು."

ಯಾರೋ ಕಿಸಕ್ಕನೆ ನಕ್ಕರು. ದಾಸ ಶಲ್ಯ ಕೊಡವಿ ಅಂಗಳಕ್ಕೆ ಇಳಿದ, ಉಳಿದವರೂ ಇಳಿದರು. ಮಹಾಬಲ ಮಾತ್ರ ಕೂತಲ್ಲೇ ಕೂತಿದ್ದ. ಆಮೇಲೆ ಎದ್ದು, ತಿಮ್ಮಿಯನ್ನಲ್ಲ, ನನ್ನನ್ನು ಕೇಳಿದ. "ಎಲ್ಲಿ ಮಾಡ್ತ್ರು ಅಕ್ಕೋರೆ, ಆ ಪರೀಕ್ಷೆ?"

೧೨ ಮಾರ್ಚ್, ಶುಕ್ರವಾರ

ಆಡಳಿತ ಮಂಡಳಿಯಿಂದ ಪತ್ರ. "ಅಸಭ್ಯ ಬೋಧನೆಯಿಂದ ಮದುವೆ ಸಂಬಂಧ ಕೆಡಿಸಿದ್ದಕ್ಕೆ" ಕಾರಣ ಕೊಡಬೇಕಂತೆ, ಇನ್ನು ಮುಂದೆ ಆ ವಿಷಯ ಎತ್ತುವುದಿಲ್ಲವೆಂದು ಬರೆದುಕೊಡಬೇಕಂತೆ.

ನಾಲ್ಕು ಪುಟ ಬರೆದೆ. ಹರಿದೆ. ಕಳಿಸಿದ್ದು ಇಷ್ಟು: "ಗರ್ಮಿ ಅಥವಾ ಸಿಫಿಲಿಸ್ ಎಂಬ ಕಾಯಿಲೆಯ ಬಗ್ಗೆ ತಾಯಂದಿರಿಗೆ ಹೇಳಿದ್ದೇನೆ. ಅವರು ಮಕ್ಕಳಿಗೆ ಹೇಳಿದ್ದಾರೆ. ಮುಂದೆಯೂ ಹೇಳುವವಳಿದ್ದೇನೆ. ಕೋಣೆ ಕೊಟ್ಟರೆ ಕೋಣೆಯಲ್ಲಿ, ಇಲ್ಲವಾದರೆ ಹೊಳೆಯಲ್ಲಿ."

ಕಳಿಸುವ ಮೊದಲು ಯಜಮಾನರು ಓದಿದರು. "ಕೆಲಸ ಹೋಪಲೂ ಸಾಕು" ಎಂದರು. ಪೆನ್ನು ತೆಗೆದು, "ಎರಡನೇ ಸಾಲಲ್ಲಿ ಒಂದು ದೀರ್ಘ ಬಿಟ್ಟೋಯ್ದು" ಎಂದು ತಿದ್ದಿಕೊಟ್ಟರು.

೩೦ ಮಾರ್ಚ್, ಮಂಗಳವಾರ

ಹುಬ್ಬಳ್ಳಿಗೆ ಹೋಗಿದ್ದ ರಕ್ತದ ಕಾಗದ ಬಂದಿದೆ. ಮಹಾಬಲ ಅದನ್ನು ಬಿಚ್ಚದೆ ನೇರ ನಮ್ಮ ಮನೆಗೆ ತಂದ. ಇಂಗ್ಲಿಷು ಬರುವುದಿಲ್ಲ, ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಧೈರ್ಯವಿಲ್ಲ.

ಓದಿದೆ. ದೋಷವಿದೆ.

ಇಂಥ ಗಳಿಗೆಗೆ ಸಿಟ್ಟನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅವನು ಮೆಟ್ಟಿಲ ಮೇಲೆ ಕೂತ.

"ಎರಡು ವರ್ಷದ ಹಿಂದೆ ಒಂದು ಹುಣ್ಣು ಆಗಿತ್ತು. ತಾನೇ ಮಾಯ್ತು. ಹೋತು ಅಂದ್ಕಂಡೆ ಅಕ್ಕೋರೆ. ಅಪ್ಪ ನಂಗೆ ಈಸು ಕಲ್ಸದ್ರು, ಬಲೆ ಕಟ್ಟುಕೆ ಕಲ್ಸದ್ರು. ಬೊಂಬಾಯಿ ಬಸ್ಸಿಗೆ ಹತ್ಸುವಾಗ 'ಜ್ವಾಪಾನ' ಅಂದ್ರು. ಎಂತದ್ದಕ್ಕೆ ಜ್ವಾಪಾನ ಅಂತ ಹೇಳ್ಲಿಲ್ಲ."

ಅವನ ಜೊತೆ ನಾನೇ ಡಾಕ್ಟರ ಬಳಿಗೆ ಹೋದೆ. ಇಂದಿನಿಂದಲೇ ಸೂಜಿಮದ್ದು. ಗುಣವಾಗುತ್ತದೆ, ಆದರೆ ಕೆಲವು ತಿಂಗಳು ಬಿಟ್ಟು ರಕ್ತ ಮತ್ತೆ ನೋಡಬೇಕು, ತಾನು ಸರಿ ಎನ್ನುವವರೆಗೆ ಮದುವೆಯ ಮಾತಿಲ್ಲ ಎಂದರು. ಕೋಣೆಯ ಜೊತೆಗಾರನಿಗೂ, ಅಂದರೆ ನಾಗುವಿನ ಗಂಡನಿಗೂ, ಕಾಗದ ಬರೆಯುತ್ತೇನೆ ಎಂದು ಮಹಾಬಲ ತಾನಾಗಿ ಹೇಳಿದ. ಮಿರ್ಜಾನಕ್ಕೆ ಯಾರು ತಿಳಿಸಬೇಕು ಎಂದೆ. "ನಾನೇ" ಎಂದ.

೫ ಏಪ್ರಿಲ್, ಸೋಮವಾರ

ಪರೀಕ್ಷೆಗೆ ಮೊದಲಿನ ಕೊನೆಯ ತರಗತಿ. ದೇವಿ ಬಂದಿದ್ದಳು! ಶ್ರೀಮತಿ ತನ್ನ ಪುಸ್ತಕಗಳನ್ನು ಎತ್ತಿ ಜಾಗ ಬಿಟ್ಟಳು.

ತಿಮ್ಮಿ ಶಾಲೆಯ ಗೇಟಿನವರೆಗೆ ಬಂದು ನಡೆದದ್ದನ್ನು ಹೇಳಿದಳು. ಮಹಾಬಲ ಜಗಲಿಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡನಂತೆ. ದೇವಪ್ಪ ಸಂಬಂಧವೇ ಬೇಡವೆಂದನಂತೆ. ತಿಮ್ಮಿ, "ನಮ್ಮಮ್ಮ ನನ್ನ ಕೇಳ್ಲಿಲ್ಲ. ನಾ ಕೇಳ್ತೆ. ನಿಂಗೆ ಎಂತ ಬೇಕು?" ಎಂದು ಮಗಳನ್ನು ಕೇಳಿದಳಂತೆ.

"ಮದ್ದು ಮುಗ್ಸಿ, ಮತ್ತೆ ರಕ್ತ ನೋಡ್ಸಿ, ಕಾಗದ ತರ್ಲಿ. ಅಲ್ಲಿವರೆಗೆ ನಾ ಶಾಲೆಗೆ ಹೋಗ್ತೆ" ಎಂದಿದ್ದಾಳೆ ದೇವಿ. "ಕಾಗದ ತಂದ್ಮೇಲೂ ಹೂಂ ಅಂತೆ ಅಂತ ಈಗ್ಲೇ ಹೇಳುದಿಲ್ಲ."

ಹಾಜರಿ ಕರೆದೆ. ಅವಳ ಹೆಸರು ಬಂದಾಗ ಯಾಕೋ ಎರಡು ಸಲ ಕರೆದೆ. ಎರಡು ಸಲವೂ ಉತ್ತರ ಕೊಟ್ಟಳು.

೭ ಜೂನ್, ಸೋಮವಾರ

ಶಾಲೆ ಶುರು. ಮಂಡಳಿಯ ತೀರ್ಮಾನ ಹಲಗೆಯ ಮೇಲೆ ಹಚ್ಚಿದ್ದರು. ನನ್ನನ್ನು ತೆಗೆದಿಲ್ಲ, ಎಂ.ಎ. ಆದವರು ಬೇರೆ ಸಿಗಲಿಲ್ಲವೋ ಏನೋ. ಹೆಣ್ಣುಮಕ್ಕಳ ತರಗತಿಗಳಿಂದ ಮಾತ್ರ ದೂರ ಇಡಬೇಕೆಂದು ಆಗಿದೆ. ಇನ್ನು ಮೇಲೆ ಹುಡುಗರ ಒಂಬತ್ತು ಮತ್ತು ಹತ್ತನೆಯ ಇಯತ್ತೆ.

ಮೊಗಸಾಲೆಯಲ್ಲಿ ರಾಯರು ಎದುರಾದರು. "ಇನ್ನು ನಿಮಗೂ ತೊಂದರೆಯಿಲ್ಲ, ನಮಗೂ ತೊಂದರೆಯಿಲ್ಲ" ಎಂದರು.

"ಒಳ್ಳೆಯದಾಯಿತು ರಾಯರೆ" ಎಂದೆ. "ಇವರೇ ಅಲ್ಲವೇ ನಾಳೆ ಬೊಂಬಾಯಿ ಬಸ್ಸು ಹತ್ತುವವರು?"

ಈ ಸಲ ಉತ್ತರ ಮನೆಗೆ ಹೋಗುವ ಮೊದಲೇ ಹೊಳೆಯಿತು.

ಒಂಬತ್ತನೆಯ ಇಯತ್ತೆಯಲ್ಲಿ ನಲವತ್ತೊಂದು ಹುಡುಗರು. ಮೀಸೆ ಮೂಡುತ್ತಿರುವವರು, ದನಿ ಒಡೆಯುತ್ತಿರುವವರು, ನನ್ನನ್ನು ಕಂಡು ಅಂಗಿಯ ಗುಂಡಿ ಹಾಕಿಕೊಂಡವರು. ಎಲ್ಲರ ಅಪ್ಪಂದಿರ ಹೆಸರು, ಊರು, ಕಸುಬು ಬರೆದುಕೊಂಡೆ. ಹದಿನೇಳು ಹುಡುಗರ ಅಪ್ಪಂದಿರು ದೋಣಿಯವರು. ಈಗ ಮಳೆಗಾಲ, ದೋಣಿ ಇಳಿಯುವುದಿಲ್ಲ, ಚಪ್ಪರದಲ್ಲಿ ಕೂತು ಬಲೆ ಸರಿಮಾಡುತ್ತಾರಂತೆ. ಅದೂ ಬಳಚು ಹೆಕ್ಕಿದಂತೆ ಕೈಯ ಮೇಲೆ ಕಣ್ಣಿಟ್ಟು ಮಾಡುವ ಕೆಲಸವೇ. ಯಾವ ಹೊತ್ತಿಗೆ ಸೇರುತ್ತಾರೆಂದು ದೇವಪ್ಪನಲ್ಲಿ ಕೇಳಿಕಳಿಸಿದ್ದೇನೆ.